ಹಳೇ ಕಾರಿನ ಸಸ್ಪೆನ್ಷನ್: ಯಾವ ನಟ್ಟಿಗೆ ಯಾವ ಲಾಕು?

ಈ ವರ್ಷ ಮೂವರು ಗೆಳೆಯರು ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರ ಹತ್ತಿರ ಅಂಬಾಸಡರ್ ಇದೆ, ಒಬ್ಬರ ಹತ್ತಿರ ನನ್ನ ಹಾಗೆ ಪ್ರೀಮಿಯರ್ ಪದ್ಮಿನಿ, ಇನ್ನೊಬ್ಬರ ಮನೆಯಲ್ಲಿ ತಾತ ಕೊಂಡಿದ್ದ ಮೋರಿಸ್ ಮೈನರ್. ಸಸ್ಪೆನ್ಷನ್ ಕೆಲಸ ಮಾಡಿಸಿದ ಮೇಲೆ ನಟ್ಟುಗಳು ಸಡಿಲವಾಗುತ್ತವೆ, ತಡೆಯಲು ಯಾವ ಲಾಕು ಹಾಕಬೇಕು? ಒಬ್ಬರಿಗೆ ಮೇಸ್ತ್ರಿ ನೈಲಾಕ್ ಅನ್ನುವ ನೈಲಾನ್ ಉಂಗುರದ ನಟ್ಟು ಹಾಕಿ ಅಂದಿದ್ದಾರೆ. ಇನ್ನೊಬ್ಬರಿಗೆ ಬೋಲ್ಟಿಗೆ ಹಚ್ಚುವ ನೀಲಿ ಗಮ್ ಬಿಟ್ಟರೆ ಬೇರೇನೂ ಬೇಡ ಅಂದಿದ್ದಾರೆ. ಮೂರನೆಯವರ ಮೇಸ್ತ್ರಿ ಮಾತ್ರ, ಸ್ಪ್ರಿಂಗ್ ವಾಷರ್ (ಸೀಳಿ ಕೊಂಚ ಬಗ್ಗಿಸಿದ ಉಂಗುರ) ಹಾಕಿ ಗಟ್ಟಿಯಾಗಿ ಎಳೆದರೆ ಸಾಕು, ನಮ್ಮಪ್ಪನ ಕಾಲದಿಂದ ಹಾಗೇ ಮಾಡುತ್ತಿರುವುದು ಅಂತ ಕೈ ಒರೆಸಿಕೊಂಡು ಎದ್ದರಂತೆ.

ಮೂರೂ ಸರಿ, ಮೂರೂ ತಪ್ಪು. ಜಾಗದ ಮೇಲೆ ಹೋಗುತ್ತದೆ.

ನನಗೆ ಇದು ಅರ್ಥವಾಗಿದ್ದು ಕೊಟ್ಟಿಗೆಹಾರದಲ್ಲಿ. ನನ್ನದು 1978ರ ಪದ್ಮಿನಿ. ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಬಿಚ್ಚಿಸಿ, ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಕೊಳವೆ) ಹೊಸದು ಹಾಕಿಸಿ, ಎಲ್ಲಕ್ಕೂ ಚೆಂದಗೆ ಕಪ್ಪು ಬಣ್ಣ ಹೊಡೆಸಿದ್ದೆ. ಎರಡು ವಾರವಾದ ಮೇಲೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗೋಣ ಅಂತ ಹೊರಟೆವು. ಮೂಡಿಗೆರೆ ದಾಟಿದಾಗಿನಿಂದ ಹಿಂದೆ ಎಲ್ಲೋ ಟಕ್, ಟಕ್. ಹಂಪ್ ಬಂದಾಗ ಮಾತ್ರ. ಡಿಕ್ಕಿಯಲ್ಲಿ ಜ್ಯಾಕ್ ಅಲ್ಲಾಡುತ್ತಿದೆ ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ ಟೀಗೆ ನಿಲ್ಲಿಸಿ, ಸುಮ್ನೆ ಒಂದು ಸಲ ಕೆಳಗೆ ಬಗ್ಗಿ ಆಕ್ಸಲ್ಲನ್ನು ಸ್ಪ್ರಿಂಗಿಗೆ ಕಟ್ಟಿಹಿಡಿಯುವ ಯು ಬೋಲ್ಟಿನ ನಟ್ಟಿಗೆ ಕೈ ಹಾಕಿದರೆ, ಅದು ಬೆರಳಿನಲ್ಲೇ ತಿರುಗಿತು. ಒಂದಲ್ಲ, ಎಡಗಡೆಯ ನಾಲ್ಕರಲ್ಲಿ ಮೂರು. ಮುಂದೆ ಘಾಟಿ.

ತಮಾಷೆ ಏನು ಅಂದರೆ ನಾಲ್ಕಕ್ಕೂ ಸ್ಪ್ರಿಂಗ್ ವಾಷರ್ ಇತ್ತು. ಹೊಸದೇ ಇತ್ತು. ಲಾಕ್ ಇದ್ದೂ ಯಾಕೆ ಸಡಿಲವಾಯಿತು ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ನಟ್ಟು ಯಾಕೆ ಸಡಿಲವಾಗುತ್ತದೆ

ಬಿಗಿದ ಬೋಲ್ಟು ಅಂದರೆ ತುಂಬಾ ಗಟ್ಟಿಯಾದ ಒಂದು ಸ್ಪ್ರಿಂಗು. ನಟ್ಟು ತಿರುಗಿಸಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಮತ್ತೆ ಕುಗ್ಗಲು ನೋಡುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿದಿರುವುದು. ಆ ಎಳೆತ ಹೋಗಲು ಎರಡು ದಾರಿ ಇದೆ.

ಮೊದಲನೆಯದು, ನಟ್ಟು ನಿಜವಾಗಿಯೂ ಹಿಂದಕ್ಕೆ ತಿರುಗುವುದು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಮೇಲೆ ಕೆಳಗೆ ಆಗುವ ಅದುರಾಟಕ್ಕಿಂತ, ಬಿಗಿದ ಎರಡು ತುಂಡುಗಳು ಅಡ್ಡಡ್ಡ ಜಾರಿದಾಗ ನಟ್ಟು ಬೇಗ ಬಿಚ್ಚಿಕೊಳ್ಳುತ್ತದೆ. ಸಸ್ಪೆನ್ಷನ್ ಅಂದರೆ ಇಡೀ ದಿನ ಅದೇ ಕೆಲಸ ಅಲ್ವಾ? ಬ್ರೇಕ್ ಒತ್ತಿದರೆ ಒಂದು ಕಡೆ ತಳ್ಳು, ತಿರುವಿನಲ್ಲಿ ಇನ್ನೊಂದು ಕಡೆ.

ಎರಡನೆಯ ದಾರಿಯಲ್ಲಿ ನಟ್ಟು ಒಂದು ಡಿಗ್ರಿಯೂ ತಿರುಗುವುದಿಲ್ಲ, ಆದರೂ ಬಿಗಿ ಹೋಗುತ್ತದೆ. ಮಧ್ಯೆ ಸಿಕ್ಕಿದ ಬಣ್ಣ ನಜ್ಜುಗುಜ್ಜಾಗಿ ತೆಳುವಾಗುತ್ತದೆ, ತುಕ್ಕು ಉದುರುತ್ತದೆ, ಲೀಫ್‌ಗಳ ನಡುವಿನ ಪ್ಯಾಡ್ ಕುಸಿಯುತ್ತದೆ, ಹಳೇ ಬೋಲ್ಟು ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಬೋಲ್ಟು ಹಿಗ್ಗಿದ್ದೇ ಕೂದಲೆಳೆಯಷ್ಟು. ಕೆಳಗೆ ಅಷ್ಟೇ ದಪ್ಪದ ಬಣ್ಣ ಕುಸಿದರೆ ಮುಗಿಯಿತು. ನನ್ನ ಕಾರಿನಲ್ಲಿ ಮೊದಲು ಆಗಿದ್ದು ಇದು. ಆಮೇಲೆ ಹಂಪ್‌ಗಳು ಉಳಿದ ಕೆಲಸ ಮುಗಿಸಿದವು. ರಿಸ್ಟೋರ್ ಮಾಡಿಸಿದ ಕಾರುಗಳಲ್ಲೇ ಈ ತೊಂದರೆ ಜಾಸ್ತಿ ಕಾಣುವುದು, ಪೌಡರ್ ಕೋಟಿಂಗ್ ಮಾಡಿಸಿದವರಲ್ಲಂತೂ ಇನ್ನೂ ಜಾಸ್ತಿ. ಈ ಎರಡನೆಯ ಕಾಯಿಲೆಗೆ ಅಂಗಡಿಯಲ್ಲಿ ಸಿಗುವ ಯಾವ ಲಾಕೂ ಔಷಧಿಯಲ್ಲ. ನಟ್ಟು ಕೂರುವ ಜಾಗದ ಬಣ್ಣ ಕೆರೆದು, ಲೋಹಕ್ಕೆ ಲೋಹ ಕೂರಿಸಿ, ಮೇಲಿಂದ ಬೇಕಾದರೆ ಬಣ್ಣ ಹೊಡೆಯಿರಿ.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ: ಈ ನಟ್ಟು ಪೂರ್ತಿ ಬಿದ್ದುಹೋದರೆ ಏನಾಗುತ್ತದೆ? ಶಾಕ್ ಅಬ್ಸಾರ್ಬರ್‌ನದು ಬಿದ್ದರೆ ಸದ್ದು ಬರುತ್ತದೆ, ಕಾರು ಕುಣಿಯುತ್ತದೆ, ಮನೆ ಸೇರಬಹುದು. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನದು ಬಿದ್ದರೆ ಸ್ಟಿಯರಿಂಗ್ ನಿಮ್ಮ ಕೈಯಲ್ಲಿರುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ. ಇವೆರಡಕ್ಕೂ ಒಂದೇ ಲಾಕ್ ಹೇಗೆ ಸಾಕಾಗುತ್ತದೆ?

ಎರಡನೆಯದು ಇದಕ್ಕೇ ಅಂಟಿಕೊಂಡಿದೆ. ನಟ್ಟು ಸಡಿಲವಾಗುವುದು ಬೇರೆ, ಬಿದ್ದುಹೋಗುವುದು ಬೇರೆ. ಕೆಲವು ಲಾಕುಗಳು ಬಿಗಿಯನ್ನು ಕಾಯುತ್ತವೆ. ಕೆಲವು ಬಿಗಿ ಹೋದ ಮೇಲೂ ನಟ್ಟು ಬೀಳದ ಹಾಗೆ ಹಿಡಿದಿಡುತ್ತವೆ, ಅಷ್ಟೇ. ಅಂಗಡಿಯವರು ಎರಡನ್ನೂ ‘ಲಾಕ್’ ಅಂತಲೇ ಮಾರುತ್ತಾರೆ. ಮೂವರೂ ಗೆಳೆಯರು ಗೊಂದಲಕ್ಕೆ ಬಿದ್ದಿದ್ದು ಇಲ್ಲೇ.

ಆಮೇಲೆ ಎಷ್ಟು ಸಲ ಬಿಚ್ಚಬೇಕಾಗುತ್ತದೆ, ರಸ್ತೆ ಬದಿಯಲ್ಲಿ ಎರಡು ಸ್ಪ್ಯಾನರ್ ಇಟ್ಟುಕೊಂಡು ಬಿಚ್ಚಬಹುದಾ, ಹತ್ತಿರ ಬ್ರೇಕ್ ಡ್ರಮ್ಮಿನ ಬಿಸಿ ಇದೆಯಾ, ಎಣ್ಣೆ ಗ್ರೀಸ್ ಮೆತ್ತಿಕೊಳ್ಳುತ್ತದಾ, ಮತ್ತೆ ದುಡ್ಡು. ಕೆಲವರಿಗೆ ಇನ್ನೊಂದು ಇದೆ, ಅಸಲಿ ರೂಪ. ಕಾರನ್ನು ಪ್ರದರ್ಶನಕ್ಕೆ ಒಯ್ಯುವವರ ಕಷ್ಟ ಬೇರೆ. ಅಂದಹಾಗೆ, ಕಟ್ಟುನಿಟ್ಟಿನವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1930ರವರೆಗಿನ ಕಾರು ಮಾತ್ರ. ನಮ್ಮ ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ 50 ವರ್ಷ ದಾಟಿದ್ದು, ಮೂಲ ರೂಪದಲ್ಲಿ ಉಳಿದಿದ್ದು. ನಾನು ಹಳೇ ಕಾರು ಅಂದುಬಿಡುತ್ತೇನೆ, ಜಗಳವೇ ಇಲ್ಲ.

ಲಾಕ್ ಕೊಳ್ಳುವ ಮೊದಲು ಥ್ರೆಡ್ ನೋಡಿ

ಥ್ರೆಡ್ ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಎಳೆ. ಪದ್ಮಿನಿ ಫಿಯಟ್ 1100ರ ಮಗಳು, ಹಾಗಾಗಿ ಮೆಟ್ರಿಕ್, ಅಂದರೆ ಮಿಲಿಮೀಟರ್ ಲೆಕ್ಕ. ಆದರೆ ಸಣ್ಣ ಎಳೆಯ ಮೆಟ್ರಿಕ್. ಫಿಯಟ್‌ನವರು ಎಂ10 (10 ಮಿ.ಮೀ. ದಪ್ಪದ) ಬೋಲ್ಟಿಗೆ 1.25 ಪಿಚ್ (ಎಳೆಯಿಂದ ಎಳೆಗೆ ಇರುವ ಅಂತರ, ಮಿ.ಮೀ.ನಲ್ಲಿ) ಬಳಸುವುದು ಸಾಮಾನ್ಯ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳದೇ ಕೊಡುವುದು 1.5. ಅಂಬಾಸಡರ್ 1956ರ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದಿದ್ದು, ಅದರ ಅಡಿಯಲ್ಲಿ ಇಂಚಿನ ಲೆಕ್ಕ, ಹೆಚ್ಚಿನವು ಯುಎನ್‌ಎಫ್ ಎಂಬ ಸಣ್ಣ ಎಳೆ. ಅದಕ್ಕಿಂತ ಹಳೆಯ ಬ್ರಿಟಿಷ್ ಗಾಡಿಯಾದರೆ ಬಿಎಸ್‌ಎಫ್, ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಎಳೆಗಳು. ಇವು ಕಣ್ಣಿಗೆ ಒಂದೇ ಥರ ಕಾಣುತ್ತವೆ. 3/8 ಇಂಚಿನ ಬಿಎಸ್‌ಎಫ್‌ಗೆ ಇಂಚಿಗೆ 20 ಎಳೆ, ಯುಎನ್‌ಎಫ್‌ಗೆ 24. ಒಂದರ ಮೇಲೆ ಇನ್ನೊಂದನ್ನು ಎರಡು ಸುತ್ತು ಹತ್ತಿಸಿ, ಆಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎಳೆದರೆ ‘ಟೈಟ್ ಆಯ್ತು’ ಅನ್ನಿಸುತ್ತದೆ. ಟೈಟ್ ಆಗಿದ್ದಲ್ಲ, ಎಳೆ ಕಿತ್ತುಹೋಗಿದ್ದು. ಒಂದು ಥ್ರೆಡ್ ಗೇಜ್ ತಂದಿಟ್ಟುಕೊಳ್ಳಿ, ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ದುಬಾರಿಯೇನಲ್ಲ.

ಬೋಲ್ಟಿನ ತಲೆ ಓದಲು ಕಲಿಯಿರಿ, ಅದರ ಗಟ್ಟಿತನದ ಗುರುತು ಅಲ್ಲೇ ಇರುತ್ತದೆ. ಮೆಟ್ರಿಕ್‌ನಲ್ಲಿ 8.8 ಎಂದು ಬರೆದಿರಬೇಕು, ಇಂಚಿನದ್ದರಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಏನೂ ಇಲ್ಲದ ಬೋಳು ತಲೆಯ ಬೋಲ್ಟನ್ನು ಸಸ್ಪೆನ್ಷನ್ ಹತ್ತಿರ ತರಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಹೊಳೆಯುತ್ತದೆ ಅಂತ ಅದನ್ನೂ ತರಬೇಡಿ. ಮಾಮೂಲಿ ಸ್ಟೇನ್‌ಲೆಸ್ 8.8ರಷ್ಟು ಗಟ್ಟಿಯಲ್ಲ.

ಇನ್ನು ಎಷ್ಟು ಬಿಗಿಯಬೇಕು ಅನ್ನುವುದು. ನಾವು ಸ್ಪ್ಯಾನರ್ ಮೇಲೆ ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯಲು ಹೋಗುತ್ತದೆ, ಉಳಿದದ್ದೆಲ್ಲ ಉಜ್ಜಾಟ ತಿಂದುಬಿಡುತ್ತದೆ. ಅದಕ್ಕೇ ತುಕ್ಕು ಹಿಡಿದ ಎಳೆಯಲ್ಲಿ ಕೈಗೆ ಫುಲ್ ಟೈಟ್ ಅನ್ನಿಸಿದ್ದು ಒಳಗೆ ಸಡಿಲವೇ ಇರುತ್ತದೆ. ಉಲ್ಟಾನೂ ನಿಜ, ಒಣ ಎಳೆಗೆ ಹೇಳಿದ ಟಾರ್ಕನ್ನು (ತಿರುಗಿಸುವ ಬಲ) ಗ್ರೀಸ್ ಹಚ್ಚಿದ ಎಳೆಗೆ ಹಾಕಿದರೆ ಬೋಲ್ಟು ಅತಿಯಾಗಿ ಹಿಗ್ಗುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಅಂಕಿ ಇದ್ದರೆ ಅದೇ ವೇದ. ಇಲ್ಲದಿದ್ದರೆ, ಒಂದು ಅಂದಾಜಿಗೆ, 8.8ರ ಬೋಲ್ಟಿಗೆ ಎಂ8 ಆದರೆ 25 ನ್ಯೂಟನ್ ಮೀಟರ್, ಎಂ10 ಆದರೆ 45ರಿಂದ 50, ಎಂ12 ಆದರೆ 80ರಿಂದ 85ರ ಸುತ್ತಮುತ್ತ.

ರಬ್ಬರ್ ಬುಷ್ ಇರುವ ಕಡೆ ಒಂದು ಮಾತು ಮರೆಯಬೇಡಿ. ಕಾರನ್ನು ಜ್ಯಾಕ್ ಮೇಲೆ ಎತ್ತಿ ಚಕ್ರ ನೇತಾಡುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ಕೆಳಗೆ ಇಳಿಸಿದಾಗ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ. ಆಮೇಲೆ ಪ್ರತಿ ಗುಂಡಿಗೂ ಅದು ಬೋಲ್ಟನ್ನು ತಿರುಗಿಸಲು ನೋಡುತ್ತದೆ, ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿ, ನಾಲ್ಕು ಸಲ ಅದುಮಿ ಕುಣಿಸಿ, ಆಮೇಲೆ ಪೂರ್ತಿ ಬಿಗಿಯಿರಿ. ಗ್ಯಾರೇಜಿನಲ್ಲಿ ಇದನ್ನು ಮಾಡಿಸಬೇಕಾದರೆ ಪಕ್ಕದಲ್ಲೇ ನಿಂತಿರಬೇಕು.

ಈಗ ಒಂದೊಂದಾಗಿ

ಸ್ಪ್ರಿಂಗ್ ವಾಷರ್. ಎಲ್ಲರ ಮನೆಯ ಡಬ್ಬಿಯಲ್ಲೂ ಇರುತ್ತದೆ, ಕಾಸಿಗೊಂದು. ಸಣ್ಣ ಬಿಗಿಗೆ ಏನೋ ಸ್ವಲ್ಪ ಉಪಯೋಗ. ಆದರೆ ಬೋಲ್ಟನ್ನು ಸರಿಯಾಗಿ ಬಿಗಿದಾಗ ಅದು ಪೂರ್ತಿ ಚಪ್ಪಟೆಯಾಗಿರುತ್ತದೆ, ಆಮೇಲೆ ಅದು ಮಾಮೂಲಿ ವಾಷರ್ರೇ. ಅಮೆರಿಕದ ನಾಸಾದವರು 1990ರಲ್ಲಿ ತಂದ ಬೋಲ್ಟುಗಳ ಕೈಪಿಡಿಯಲ್ಲಿ, ಲಾಕ್ ಮಾಡುವ ಮಟ್ಟಿಗೆ ಇದರಿಂದ ಪ್ರಯೋಜನವಿಲ್ಲ ಅಂತ ಮುಲಾಜಿಲ್ಲದೆ ಹೇಳಿದ್ದಾರೆ. ಜರ್ಮನಿಯವರು ಇದರ ಡಿಐಎನ್ 127 ಮಾನದಂಡವನ್ನೇ ಹಿಂದಕ್ಕೆ ತೆಗೆದುಕೊಂಡರು. ಹಾಗಂತ ಕಿತ್ತು ಬಿಸಾಡಿ ಅನ್ನುವುದಿಲ್ಲ. ಕಾರು ಹುಟ್ಟಿದಾಗ ಇದ್ದ ಕಡೆ ಇರಲಿ, ನೋಡಲು ಅಸಲಿ. ಸೈಲೆನ್ಸರ್ ಬ್ರಾಕೆಟ್, ಮಡ್‌ಗಾರ್ಡ್, ಇಂಥ ಕಡೆ ಸಾಕು. ಯು ಬೋಲ್ಟನ್ನು ಮಾತ್ರ ಅದರ ಮೇಲೆ ನಂಬಿ ಬಿಡಬೇಡಿ, ನನ್ನನ್ನು ನೋಡಿ ಕಲಿಯಿರಿ.

ನೈಲಾಕ್. ನಟ್ಟಿನ ತಲೆಯಲ್ಲಿ ನೈಲಾನ್ ಉಂಗುರ. ಎಳೆ ಅದರೊಳಗೆ ಕೊರೆದುಕೊಂಡು ಹೋಗುವುದರಿಂದ ಗಟ್ಟಿಯಾಗಿ ಹಿಡಿಯುತ್ತದೆ. ನನ್ನ ಮಟ್ಟಿಗೆ, ಓಡಿಸುವ ಹಳೇ ಕಾರಿಗೆ ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೆಲವೇ ರೂಪಾಯಿ, ಎರಡು ಸ್ಪ್ಯಾನರ್ ಸಾಕು, ಎಣ್ಣೆ ಇದ್ದರೂ ನಡೆಯುತ್ತದೆ. ಆದರೆ ಇದು ಬಿಗಿ ಕಾಯುವುದಕ್ಕಿಂತ ನಟ್ಟು ಬೀಳದಂತೆ ಕಾಯುವ ಜಾತಿ. ಅಡ್ಡ ಜಾರಾಟ ಜೋರಾಗಿದ್ದರೆ ಬಿಗಿ ಕಡಿಮೆಯಾಗಬಹುದು, ನಟ್ಟು ಮಾತ್ರ ಅಲ್ಲೇ ಇರುತ್ತದೆ. ಬಿಸಿ ಸುಮಾರು 120 ಡಿಗ್ರಿ ದಾಟುವ ಕಡೆ ನೈಲಾನ್ ಮೆತ್ತಗಾಗುತ್ತದೆ, ಹಾಗಾಗಿ ಬ್ರೇಕ್ ಮತ್ತು ಎಕ್ಸಾಸ್ಟ್ ಹತ್ತಿರ ಬೇಡ. ಬೋಲ್ಟಿನ ತುದಿ ನೈಲಾನ್ ದಾಟಿ ಒಂದೆರಡು ಎಳೆ ಹೊರಗೆ ಬಂದಿರಬೇಕು, ಬಾರದಿದ್ದರೆ ಅದು ಲಾಕೇ ಅಲ್ಲ. ಬಿಚ್ಚಿದ ನೈಲಾಕ್ ಬರೀ ಬೆರಳಿನಲ್ಲಿ ಪೂರ್ತಿ ಹತ್ತಿತು ಅಂದರೆ ಕಸದ ಬುಟ್ಟಿಗೆ. ನಾನಂತೂ ಸಸ್ಪೆನ್ಷನ್‌ನಲ್ಲಿ ಪ್ರತಿ ಸಲ ಹೊಸದೇ ಹಾಕುತ್ತೇನೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ಪ್ಲಿಟ್ ಪಿನ್‌ಗೆ (ನಟ್ಟು ಬೀಳದಂತೆ ಅಡ್ಡ ತೂರಿಸುವ ಪಿನ್) ತೂತು ಇರುವ ಬೋಲ್ಟಿಗೆ ನೈಲಾಕ್ ಹಾಕಬೇಡಿ. ಆ ತೂತಿನ ಅಂಚು ನೈಲಾನನ್ನು ಕತ್ತರಿಸಿಬಿಡುತ್ತದೆ.

ಕ್ಯಾಸಲ್ ನಟ್ಟು, ಸ್ಪ್ಲಿಟ್ ಪಿನ್ನು. ಕೋಟೆಯ ತೆನೆಯ ಹಾಗೆ ಸೀಳು ಇರುವ ನಟ್ಟು, ಅದರ ಮೂಲಕ ಪಿನ್. ಹಳೆಯದು, ಆದರೆ ಇದಕ್ಕೆ ಸಾಟಿ ಇಲ್ಲ. ಬಿಗಿಯನ್ನು ಒಂದು ಚೂರೂ ಕಾಯುವುದಿಲ್ಲ, ಪಿನ್ ಇದ್ದೂ ನಟ್ಟು ಕೊಂಚ ಅಲ್ಲಾಡಬಹುದು. ಆದರೆ ಪಿನ್ ಇರುವವರೆಗೂ ನಟ್ಟು ಬೀಳುವುದಿಲ್ಲ, ಮತ್ತೆ ಕಾರಿನ ಕೆಳಗೆ ಟಾರ್ಚ್ ಬಿಟ್ಟರೆ ಪಿನ್ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಈ ಕಾಣುವ ಗುಣ ಬೇರೆ ಯಾವ ಲಾಕಿಗಿದೆ ಹೇಳಿ. ಟೈ ರಾಡ್ ತುದಿ, ಬಾಲ್ ಜಾಯಿಂಟ್ (ಗುಂಡಿನ ಕೀಲು), ಇಲ್ಲೆಲ್ಲ ಕಂಪನಿ ಇದನ್ನೇ ಕೊಟ್ಟಿದ್ದರೆ ಇದನ್ನೇ ಇಟ್ಟುಕೊಳ್ಳಿ. ಮುಂದಿನ ಚಕ್ರದ ಬೇರಿಂಗ್ ನಟ್ಟಿನದು ಬೇರೆಯೇ ಕಥೆ. ಅದನ್ನು ಪೂರ್ತಿ ಬಿಗಿಯಲೇ ಬಾರದು, ಬೇರಿಂಗ್ ಸುಟ್ಟುಹೋಗುತ್ತದೆ. ಬಿಗಿ ಇಲ್ಲದೆ ಇದ್ದ ಜಾಗದಲ್ಲೇ ನಿಲ್ಲಿಸಬೇಕು ಅಂದರೆ ಪಿನ್ ಬಿಟ್ಟು ಬೇರೆ ದಾರಿ ಏನಿದೆ?

ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ತೂತು ಸೀಳಿಗೆ ಸರಿಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ಬಿಡುವುದು. ಟೈ ರಾಡ್, ಬಾಲ್ ಜಾಯಿಂಟುಗಳಲ್ಲಿ ಯಾವಾಗಲೂ ಮುಂದಕ್ಕೇ ಹೋಗಿ ಮುಂದಿನ ಸೀಳು ಹಿಡಿಯಬೇಕು, ಆಗದಿದ್ದರೆ ವಾಷರ್ ಬದಲಿಸಬೇಕು. ಬೇರಿಂಗ್ ನಟ್ಟಿನದು ಮಾತ್ರ ಇದಕ್ಕೆ ಉಲ್ಟಾ. ಇನ್ನೊಂದು ತಪ್ಪು, ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ತೂರಿಸುವುದು. ಪಿನ್ ಬದಲು ಮೊಳೆ ಬಗ್ಗಿಸಿ ಹಾಕಿದ್ದನ್ನೂ ನಾನು ನೋಡಿದ್ದೇನೆ, ಅದೂ ಸ್ಟಿಯರಿಂಗ್‌ನಲ್ಲಿ.

ಥ್ರೆಡ್ ಲಾಕರ್, ಅಂದರೆ ಆ ನೀಲಿ ಗಮ್. ಲಾಕ್‌ಟೈಟ್ ಹೆಸರು ಎಲ್ಲರಿಗೂ ಗೊತ್ತು, ನಮ್ಮ ಚೆನ್ನೈನ ಅನಾಬಾಂಡ್ ಕೂಡ ಸಿಗುತ್ತದೆ. 1953ರಲ್ಲಿ ವರ್ನನ್ ಕ್ರೀಬಲ್ ಎಂಬ ಅಮೆರಿಕದ ಕೆಮಿಸ್ಟ್ರಿ ಮೇಷ್ಟ್ರು ಮಾಡಿದ್ದು ಇದು. ಗಾಳಿ ಇರುವಾಗ ನೀರಾಗಿರುತ್ತದೆ, ಗಾಳಿ ಇಲ್ಲದ ಕಡೆ ಲೋಹ ಮುಟ್ಟಿದರೆ ಗಟ್ಟಿಯಾಗುತ್ತದೆ. ಎಳೆಗಳ ನಡುವಿನ ಸಂದು ತುಂಬಿಬಿಡುವುದರಿಂದ ಅಡ್ಡ ಜಾರಾಟಕ್ಕೇ ಜಾಗ ಇರುವುದಿಲ್ಲ. ಅಂದರೆ ಇದು ಬಿಗಿ ಕಾಯುವ ಜಾತಿ, ಜೊತೆಗೆ ನೀರು ಹೋಗದೆ ತುಕ್ಕೂ ಕಡಿಮೆ. ನಟ್ಟು ಇಲ್ಲದೆ ನೇರವಾಗಿ ಚಾಸಿಸ್‌ನ ಎಳೆಗೆ ಹತ್ತುವ ಬೋಲ್ಟುಗಳಿಗೆ ಇದೇ ನನ್ನ ಮೊದಲ ಆಯ್ಕೆ, ಅಲ್ಲಿ ನೈಲಾಕ್ ಹಾಕಲು ನಟ್ಟೇ ಇಲ್ಲವಲ್ಲ.

ಆದರೆ ಇದಕ್ಕೆ ಮಡಿ ಜಾಸ್ತಿ. ಎಳೆ ಸ್ವಚ್ಛ ಇರಬೇಕು, ಗ್ರೀಸ್ ಇರಬಾರದು. ಹಳೇ ಕಾರಿನ ಅಡಿಯಲ್ಲಿ ಗ್ರೀಸ್ ಇಲ್ಲದ ಜಾಗ ಎಲ್ಲಿದೆ? ವೈರ್ ಬ್ರಷ್ ಹಾಕಿ, ಬ್ರೇಕ್ ಕ್ಲೀನರ್ ಹೊಡೆದು, ಒಣಗಿಸಿ, ಆಮೇಲೆ ಹಚ್ಚಬೇಕು. ಸ್ವಲ್ಪ ಎಣ್ಣೆ ತಡೆಯುವಂಥದ್ದು ಬೇಕಾದರೆ 243 ನಂಬರಿನದು ತನ್ನಿ. ಸತು ಲೇಪದ ಬೋಲ್ಟಿನ ಮೇಲೆ ನಿಧಾನ ಹಿಡಿಯುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು, ಸಂಜೆ ಹಚ್ಚಿ ರಾತ್ರಿಯೇ ಊರಿಗೆ ಹೊರಟರೆ ಉಪಯೋಗವಿಲ್ಲ. ಕೆಂಪು ಬಣ್ಣದ್ದು ಇನ್ನೂ ಗಟ್ಟಿ, ಬಿಚ್ಚಲು 250 ಡಿಗ್ರಿವರೆಗೆ ಕಾಯಿಸಬೇಕಾಗುತ್ತದೆ. ಪಕ್ಕದಲ್ಲಿ ರಬ್ಬರ್ ಬುಷ್ ಇರುವಾಗ ಯಾರು ಬೆಂಕಿ ಹಿಡಿಯುತ್ತಾರೆ? ಸಸ್ಪೆನ್ಷನ್‌ಗೆ ಕೆಂಪು ಬೇಡ ಅನ್ನುವುದು ನನ್ನ ಮಾತು. ಇದರ ದೊಡ್ಡ ಕೊರತೆ ಅಂದರೆ ಕಣ್ಣಿಗೆ ಕಾಣುವುದಿಲ್ಲ. ಹಚ್ಚಿದ್ದಾರೋ ಇಲ್ಲವೋ, ಹಿಡಿದಿದೆಯೋ ಇಲ್ಲವೋ, ಮುಂದಿನ ಮೇಸ್ತ್ರಿಗೆ ಗೊತ್ತಾಗುವುದೇ ಇಲ್ಲ.

ಜೋಡಿ ವೆಜ್ ವಾಷರ್. ಸ್ವೀಡನ್ನಿನ ನಾರ್ಡ್‌ಲಾಕ್ ಹೆಸರುವಾಸಿ. ಎರಡು ವಾಷರ್ ಅಂಟಿಕೊಂಡು ಬರುತ್ತವೆ, ಒಳಮುಖದಲ್ಲಿ ಇಳಿಜಾರು ಮೆಟ್ಟಿಲು, ಹೊರಮುಖದಲ್ಲಿ ಹಲ್ಲು. ಮೆಟ್ಟಿಲಿನ ಇಳಿಜಾರು ಬೋಲ್ಟಿನ ಎಳೆಯ ಇಳಿಜಾರಿಗಿಂತ ಜಾಸ್ತಿ. ಹಾಗಾಗಿ ನಟ್ಟು ಹಿಂದಕ್ಕೆ ತಿರುಗಲು ಹೋದರೆ ವಾಷರ್ ಜೋಡಿ ಮೇಲಕ್ಕೆ ಹತ್ತಿ ಬೋಲ್ಟು ಇನ್ನೂ ಬಿಗಿಯಾಗುತ್ತದೆ. ಚೆಂದದ ಬುದ್ಧಿ. ಬಿಗಿ ಕಾಯುವುದರಲ್ಲಿ ಇದು ಎಲ್ಲಕ್ಕಿಂತ ಮೇಲೆ, ಎಣ್ಣೆ ಇದ್ದರೂ ಸರಿ, ಬಿಸಿ ಇದ್ದರೂ ಸರಿ, ಮತ್ತೆ ಬಳಸಲೂಬಹುದು. ಆದರೆ ಒಂದು ಜೋಡಿಯ ಬೆಲೆಗೆ ಒಂದು ಹಿಡಿ ನೈಲಾಕ್ ಬರುತ್ತದೆ. ಆರಪಾರ ಹೋಗುವ ಬೋಲ್ಟಾದರೆ ತಲೆಯ ಕಡೆ ಒಂದು, ನಟ್ಟಿನ ಕಡೆ ಒಂದು, ಎರಡು ಜೋಡಿ ಬೇಕು. ಹಲ್ಲು ಕಚ್ಚುವ ಜಾಗದ ಬಣ್ಣ ಕಿತ್ತುಹೋಗುತ್ತದೆ, ಮಲೆನಾಡು, ಕರಾವಳಿಯಲ್ಲಿ ಅಲ್ಲಿಂದಲೇ ತುಕ್ಕು ಶುರು. ಬಿಗಿದ ಭಾಗ ಕುಸಿಯುವಂಥದ್ದಾದರೆ ಇದೂ ಏನೂ ಮಾಡಲಾರದು. ಮೆಟ್ಟಿಲು ಹೊರಮುಖ ಮಾಡಿ ತಿರುಗುಮುರುಗ ಹಾಕಿದವರನ್ನು ನೋಡಿದ್ದೇನೆ, ಪಾಪ, ಅಷ್ಟು ದುಡ್ಡು ಕೊಟ್ಟು.

ಎರಡು ನಟ್ಟು ಒಂದರ ಮೇಲೊಂದು ಹಾಕುವುದು ಯು ಬೋಲ್ಟುಗಳಲ್ಲಿ ನಮ್ಮ ಲಾರಿಯವರ ಅಭ್ಯಾಸ. ಸರಿಯಾಗಿ ಹಾಕಿದರೆ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ತೆಳು ನಟ್ಟು ಕೆಳಗೆ, ದಪ್ಪ ನಟ್ಟು ಮೇಲೆ. ಎಲ್ಲರೂ ಹಾಕುವುದು ಉಲ್ಟಾ. ಮೇಲಿನ ನಟ್ಟು ಬಿಗಿದಾಗ ಭಾರ ಅದರ ಮೇಲೆ ಬರುತ್ತದೆ, ಹಾಗಾಗಿ ದಪ್ಪದ್ದು ಅಲ್ಲಿರಬೇಕು. ಕೆಳಗಿನದನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡೇ ಮೇಲಿನದನ್ನು ಎಳೆಯಬೇಕು.

ಟ್ಯಾಬ್ ವಾಷರ್ (ಕಿವಿ ಬಗ್ಗಿಸಿ ನಟ್ಟಿಗೆ ಒತ್ತುವ ವಾಷರ್), ಲಾಕ್ ವೈರ್ (ಬೋಲ್ಟಿನ ತಲೆ ಕಟ್ಟುವ ತಂತಿ) ಎರಡೂ ನಟ್ಟು ಬೀಳದಂತೆ ಕಾಯುವ ಜಾತಿ. ಕಾರಿನಲ್ಲಿ ಮೊದಲೇ ಇದ್ದರೆ ಹೊಸದು ಹಾಕಿ ಮುಂದುವರಿಸಿ. ಟ್ಯಾಬ್ ಒಂದೇ ಸಲ ಬಗ್ಗಿಸುವುದು, ಎರಡನೇ ಸಲಕ್ಕೆ ಮುರಿಯುತ್ತದೆ. ವೈರ್ ಕಟ್ಟಲು ಬೋಲ್ಟಿನ ತಲೆಗೆ ತೂತು ಬೇಕು, ಇಲ್ಲದಿದ್ದರೆ ಆ ಗೋಜಿಗೆ ಹೋಗಬೇಡಿ. ನೈಲಾನ್ ಇಲ್ಲದೆ ಪೂರ್ತಿ ಲೋಹದ್ದೇ ಆದ ಲಾಕ್ ನಟ್ಟೂ ಇದೆ, ಬ್ರೇಕ್ ಹತ್ತಿರದ ಬಿಸಿಗೆ ಒಳ್ಳೆಯದು, ಆದರೆ ಬೋಲ್ಟಿನ ಎಳೆಯನ್ನು ಸ್ವಲ್ಪ ತಿನ್ನುತ್ತದೆ.

ನಿಮ್ಮ ಕಾರಿಗೆ ಹೇಗೆ

ಹಿಂದಿನ ಯು ಬೋಲ್ಟಿನಿಂದ ಶುರು ಮಾಡೋಣ, ಅಂಬಾಸಡರ್ ಆಗಲಿ ಪದ್ಮಿನಿ ಆಗಲಿ ಹಿಂದೆ ಲೀಫ್ ಸ್ಪ್ರಿಂಗೇ. ಆ ಪಟ್ಟಿಗಳ ನಡುವೆ ಒಂದು ಸೆಂಟರ್ ಬೋಲ್ಟ್ ಇದೆ, ಅದು ಆಕ್ಸಲ್ಲನ್ನು ಜಾಗಕ್ಕೆ ಕೂರಿಸಲು ಮಾತ್ರ. ಭಾರ ಹೊರುವುದು ಯು ಬೋಲ್ಟುಗಳ ಒತ್ತಡ. ಅದು ಸಡಿಲವಾದರೆ ಎಲ್ಲ ಹೊಡೆತ ಸೆಂಟರ್ ಬೋಲ್ಟಿನ ಮೇಲೆ, ಅದು ಒಂದು ದಿನ ಕತ್ತರಿಸಿಹೋಗುತ್ತದೆ, ಆಕ್ಸಲ್ ಸರಿಯುತ್ತದೆ, ಕಾರು ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಹಾಗಾಗಿ ಇಲ್ಲಿ ಬೇಕಿರುವುದು ಬಿಗಿ. ಬಣ್ಣ ಕೆರೆದು, ಹೊಸ ಯು ಬೋಲ್ಟ್ ಹಾಕಿ, ನಾಲ್ಕನ್ನೂ ಅಡ್ಡಮೂಲೆಯಿಂದ ಸ್ವಲ್ಪಸ್ವಲ್ಪವೇ ಬಿಗಿದು, ಮೇಲೆ ನೈಲಾಕ್ ಅಥವಾ ಸರಿಯಾಗಿ ಹಾಕಿದ ಜೋಡಿ ನಟ್ಟು. ವೆಜ್ ವಾಷರ್‌ಗೆ ನಾನು ಇಲ್ಲಿ ದುಡ್ಡು ಹಾಕುವುದಿಲ್ಲ, ಪಟ್ಟಿಗಳೇ ಕುಸಿದು ಕೂರುತ್ತವಲ್ಲ. ಅದರ ಬದಲು 100 ಕಿಲೋಮೀಟರ್ ಆದ ಮೇಲೆ ಒಂದು ಸಲ, 500ಕ್ಕೆ ಇನ್ನೊಂದು ಸಲ ಟಾರ್ಕ್ ರೆಂಚ್ (ಅಳತೆಗೆ ಬಿಗಿಯುವ ಸ್ಪ್ಯಾನರ್) ಹಾಕಿ.

ಮುಂದಿನ ವಿಷ್‌ಬೋನ್ ತೋಳುಗಳು ಚಾಸಿಸ್‌ಗೆ ಹತ್ತುವ ಕಡೆ, ಲೋಹಕ್ಕೆ ಲೋಹ ಕೂತಿದ್ದರೆ, ಥ್ರೆಡ್ ಲಾಕರ್ ಅಥವಾ ದುಡ್ಡಿದ್ದರೆ ವೆಜ್ ವಾಷರ್. ಮೋರಿಸ್ ಮೈನರ್‌ನವರು ಮುಂದಿನ ಲೀವರ್ ಶಾಕ್‌ನ ಬೋಲ್ಟುಗಳಿಗೆ ಜಾಸ್ತಿ ಗಮನ ಕೊಡಿ. ಅಲ್ಲಿ ಶಾಕ್‌ನ ಲೀವರ್ರೇ ಸಸ್ಪೆನ್ಷನ್ನಿನ ಮೇಲಿನ ತೋಳು, ಸಡಿಲವಾದರೆ ಚಕ್ರವೇ ಅಲ್ಲಾಡುತ್ತದೆ. ಮೈನರ್‌ನ ಟ್ರನಿಯನ್‌ಗೆ (ಮುಂದಿನ ಚಕ್ರವನ್ನು ಹಿಡಿದಿರುವ ಎಳೆಯ ಕೀಲು) ಗ್ರೀಸ್ ತೋರಿಸದೆ ಬಿಟ್ಟು, ಎಳೆ ಸವೆದು ಮುಂದಿನ ಚಕ್ರ ಮಡಚಿಕೊಂಡ ಕಥೆಗಳು ಬೇಕಾದಷ್ಟಿವೆ, ಅದನ್ನು ಯಾವ ಲಾಕೂ ತಡೆಯುವುದಿಲ್ಲ, ಗ್ರೀಸ್ ಗನ್ ಮಾತ್ರ.

ಸ್ಟಿಯರಿಂಗ್ ಮತ್ತು ಬಾಲ್ ಜಾಯಿಂಟ್, ಚರ್ಚೆ ಬೇಡ. ಸ್ಪ್ಲಿಟ್ ಪಿನ್ ಇದ್ದ ಕಡೆ ಸ್ಪ್ಲಿಟ್ ಪಿನ್. ಶಾಕ್ ಅಬ್ಸಾರ್ಬರ್ ಎರಡು ತುದಿಗೂ ನೈಲಾಕ್, ರಬ್ಬರ್ ಉಬ್ಬಿ ಹೊರಬರುವಷ್ಟು ಎಳೆಯದಿದ್ದರೆ ಆಯಿತು.

ಕೈಯಲ್ಲಿ ಐನೂರು ರೂಪಾಯಿ ಮಾತ್ರ ಇದೆಯಾ? ಹೊಸ ಸ್ಪ್ಲಿಟ್ ಪಿನ್‌ಗಳ ಒಂದು ಪೊಟ್ಟಣ, ಸರಿಯಾದ ಥ್ರೆಡ್ಡಿನ ನೈಲಾಕ್, ಒಂದು ವೈರ್ ಬ್ರಷ್. ಕೆಲವು ಸಾವಿರ ಇದ್ದರೆ ಮೊದಲು ಟಾರ್ಕ್ ರೆಂಚ್ ಕೊಳ್ಳಿ, ವೆಜ್ ವಾಷರ್ ಆಮೇಲೆ. ಬರೀ ಲಾಕುಗಳ ಮೇಲೆ ದುಡ್ಡು ಸುರಿದು ಅಂದಾಜಿನಲ್ಲಿ ಬಿಗಿಯುವವರ ಕಾರಿಗಿಂತ, ಅಳತೆಗೆ ಬಿಗಿದು ಹಳೇ ಸ್ಪ್ರಿಂಗ್ ವಾಷರ್ ಬಿಟ್ಟವರ ಕಾರೇ ವಾಸಿ. ಪ್ರದರ್ಶನದ ಕಾರಾದರೆ ಹೊರಗೆ ಕಾಣುವ ಸ್ಪ್ರಿಂಗ್ ವಾಷರ್ ಹಾಗೇ ಇರಲಿ, ಒಳಗೆ ಎಳೆಗೆ ನೀಲಿ ಗಮ್ ಹಚ್ಚಿ. ಜಡ್ಜುಗಳು ಬಗ್ಗಿ ನೋಡಿದರೂ ಕಾಣುವುದಿಲ್ಲ. ಗಮ್ ಕಾಣದಿರುವುದನ್ನು ಮೇಲೆ ಕೊರತೆ ಅಂದಿದ್ದೆ, ಇಲ್ಲಿ ಅದೇ ಅನುಕೂಲ.

ತಿಂಗಳಿಗೊಮ್ಮೆ ತೆಗೆದು ಓಡಿಸಿ ಮತ್ತೆ ಮುಚ್ಚಿಡುವವರಿಗೆ ಲಾಕಿಗಿಂತ ತುಕ್ಕಿನ ಚಿಂತೆ ಜಾಸ್ತಿ, ಅವರಿಗೂ ಗಮ್ ಒಳ್ಳೆಯದು. ವಾರಕ್ಕೊಮ್ಮೆ ಘಾಟಿ ಹತ್ತುವವರಿಗೆ ರಸ್ತೆ ಬದಿಯಲ್ಲಿ ಬಿಚ್ಚಲು ಬರುವಂಥದ್ದು ಬೇಕು, ಅಂದರೆ ನೈಲಾಕ್ ಮತ್ತು ಪಿನ್, ಜೊತೆಗೆ ಡಿಕ್ಕಿಯಲ್ಲಿ ನಾಲ್ಕು ಹೆಚ್ಚುವರಿ.

ಯಾವುದನ್ನೇ ಹಾಕಿದರೂ ಕೊನೆಗೆ ಒಂದು ಕೆಲಸ ಮಾಡಿ, ಖರ್ಚು ಏನೂ ಇಲ್ಲ. ಬಿಗಿದಾದ ಮೇಲೆ ಹಳದಿ ಪೇಂಟ್ ಅಥವಾ ಮನೆಯಲ್ಲಿರುವ ನೈಲ್ ಪಾಲಿಶ್ ತೆಗೆದುಕೊಂಡು ನಟ್ಟಿನ ಮೇಲಿಂದ ಕೆಳಗಿನ ಲೋಹದವರೆಗೆ ಒಂದು ಗೆರೆ ಎಳೆಯಿರಿ. ನನ್ನ ಪದ್ಮಿನಿಯಲ್ಲಿ ಅವು ಹೆಂಡತಿಯ ಗುಲಾಬಿ ಬಣ್ಣದ ಗೆರೆಗಳು. ಉದ್ದ ಪ್ರಯಾಣದ ಹಿಂದಿನ ದಿನ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ, ಎರಡು ನಿಮಿಷ. ಗೆರೆ ನೇರವಾಗಿದ್ದರೆ ನಟ್ಟು ತಿರುಗಿಲ್ಲ ಅಂತ. ಕುಸಿದು ಬಿಗಿ ಹೋಗಿದ್ದರೆ ಗೆರೆ ಹೇಳುವುದಿಲ್ಲ, ಅದಕ್ಕೆ ಆ 100, 500ರ ಟಾರ್ಕ್ ರೆಂಚೇ ಬೇಕು. ಗೆರೆ ಮುರಿದಿದ್ದರೆ ಬಿಚ್ಚಿ, ತೊಳೆದು, ಮತ್ತೆ ಬಿಗಿಯಿರಿ. ಅದೇ ನಟ್ಟಿನ ಗೆರೆ ಎರಡನೇ ಸಲವೂ ಮುರಿದರೆ ಇನ್ನೊಂದು ಲಾಕ್ ಹುಡುಕಿಕೊಂಡು ಅಂಗಡಿಗೆ ಹೋಗಬೇಡಿ. ಬೋಲ್ಟ್ ಹೊರತೆಗೆದು ತೂತು ಮೊಟ್ಟೆಯಾಕಾರವಾಗಿದೆಯಾ, ಬುಷ್‌ನ ಒಳಗಿನ ಕೊಳವೆ ಸವೆದಿದೆಯಾ ನೋಡಿ.